ಮೇಜಿನ ಮೇಲೆ ಯಾದಗಿರಿಯ ರಾತ್ರಿ

ಮಾದರಿ ರೈಲಿನ ಹವ್ಯಾಸದಲ್ಲಿ ರಾತ್ರಿ ಅಂದರೆ ಇವತ್ತಿಗೂ ಯುರೋಪಿನ ರಾತ್ರಿಯೇ. ಕಟ್ಟಡಗಳ ಕಿಟ್ಟು, ದೀಪದ ಕಂಬ, ಬೋಗಿಯೊಳಗೆ ಅಂಟಿಸುವ ಬೆಳಕಿನ ಪಟ್ಟಿ, ಎಲ್ಲವೂ ಜರ್ಮನಿಯದೋ ಇಂಗ್ಲೆಂಡಿನದೋ ಊರನ್ನು ಮನಸ್ಸಿನಲ್ಲಿಟ್ಟುಕೊಂಡು ತಯಾರಾದವು. ಕಿಟಕಿ ಕಿಟಕಿಯಲ್ಲೂ ಜೇನಿನ ಬಣ್ಣದ ಬೆಳಕು, ಬೀದಿಗೆ ಕುಸುರಿಯ ಕಂಬಗಳು, ರೈಲಿನ ಎಲ್ಲ ಬೋಗಿಗಳಲ್ಲೂ ಒಂದೇ ಸಮ ಬೆಳಕು. ಅದನ್ನೇ ತಂದು ನಮ್ಮ ನಿಲ್ದಾಣಕ್ಕೆ ಹಚ್ಚಿದರೆ ಬವೇರಿಯಾದ ಹಳ್ಳಿಗೆ ಕನ್ನಡದ ಬೋರ್ಡು ತೂಗಿದ ಹಾಗೆ ಕಾಣುತ್ತದೆ. ನಮ್ಮ ರೈಲು ನಿಲ್ದಾಣದ ಇರುಳಿಗೆ ಅದರದೇ ಬಣ್ಣವಿದೆ, ಅದರದೇ ಕತ್ತಲೆಯೂ ಇದೆ. ಅದನ್ನು ಮೇಜಿನ ಮೇಲೆ ತರಲು ಈಗಿರುವ ದಾರಿಗಳು ಯಾವುವು, ಯಾವುದು ಎಷ್ಟು ಕೆಲಸಕ್ಕೆ ಬರುತ್ತದೆ ಎಂದು ಒಮ್ಮೆ ನೋಡೋಣ. ಉದಾಹರಣೆಗೆ ಯಾದಗಿರಿಯನ್ನೇ ಇಟ್ಟುಕೊಳ್ಳುತ್ತೇನೆ.

ಯಾದಗಿರಿ ಏಕೆಂದರೆ, ರಾತ್ರಿಯ ದೃಶ್ಯಕ್ಕೆ ಬೇಕಾದ್ದೆಲ್ಲ ಅಲ್ಲಿದೆ. ಮುಂಬೈ–ಚೆನ್ನೈ ಹೆದ್ದಾರಿಯಂಥ ರೈಲುಮಾರ್ಗ. ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದ್ರಾಸಿನಿಂದ ಬಂದ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದಾಗಿನಿಂದ ಇಲ್ಲಿ ರಾತ್ರಿಯಿಡೀ ಗಾಡಿಗಳ ಓಡಾಟ. ಊರ ನೆತ್ತಿಯ ಮೇಲೆ ಕೋಟೆಯ ಗುಡ್ಡ. ಶಹಾಪುರಕ್ಕಾಗಲಿ ಸುರಪುರಕ್ಕಾಗಲಿ ರೈಲಿಲ್ಲವಾದ್ದರಿಂದ ಆ ಕಡೆಯ ಜನ ಇಳಿಯುವುದೂ ಹತ್ತುವುದೂ ಇಲ್ಲಿಯೇ. ಅಪರಾತ್ರಿಯಲ್ಲಿ ಇಳಿದವರು ಮುಂಜಾನೆಯ ಬಸ್ಸಿಗಾಗಿ ಗಂಟುಮೂಟೆ ತಲೆದಿಂಬು ಮಾಡಿಕೊಂಡು ಪರಸಿ ಕಲ್ಲಿನ ಮೇಲೆ ಒರಗಿರುತ್ತಾರೆ. ಗುಳೆ ಹೋಗುವ ಸಂಸಾರಗಳು ಪುಣೆ, ಮುಂಬೈ, ಬೆಂಗಳೂರಿನ ಗಾಡಿಗೆ ಕಾಯುತ್ತಿರುತ್ತವೆ. ಹೊರಗೆ ಟಂಟಂ ಆಟೊಗಳ ಸಾಲು, ಚಹಾದ ಅಂಗಡಿ, ಮಿರ್ಚಿ ಕರಿಯುವ ಬಾಣಲೆ. ಹಗಲಿನ ಯಾದಗಿರಿಗಿಂತ ರಾತ್ರಿಯ ಯಾದಗಿರಿಯೇ ಮಾದರಿ ಕಟ್ಟುವವನಿಗೆ ಹೆಚ್ಚು ಕೆಲಸ ಕೊಡುವ ಊರು.

ಕೆಲಸ ಶುರು ಮಾಡುವ ಮೊದಲು ಒಂದು ಪ್ರಶ್ನೆ ತೀರ್ಮಾನವಾಗಬೇಕು: ಯಾವ ವರ್ಷದ ರಾತ್ರಿ? ಎಂಜಿನ್ನಿನ ಬಣ್ಣ, ಬೋಗಿಯ ನಮೂನೆ ಯಾವ ಕಾಲದ್ದು ಎಂದು ತಲೆ ಕೆಡಿಸಿಕೊಳ್ಳುವ ಹವ್ಯಾಸಿಗಳೇ ದೀಪದ ವಿಷಯಕ್ಕೆ ಬಂದಾಗ ಸಿಕ್ಕಿದ್ದನ್ನು ಹಚ್ಚಿಬಿಡುತ್ತಾರೆ. ಆದರೆ ರಾತ್ರಿಯ ದೃಶ್ಯದ ಇಸವಿಯನ್ನು ನೋಡುವವನಿಗೆ ಮೊದಲು ಹೇಳುವುದು ದೀಪದ ಬಣ್ಣವೇ. ಕಂದೀಲು, ಗ್ಯಾಸ್‌ಬತ್ತಿಗಳ ಕಾಲದ ನಿಲ್ದಾಣ ಕಟ್ಟುವುದಾದರೆ ಇಡೀ ಪ್ಲಾಟ್‌ಫಾರ್ಮಿಗೆ ನಾಲ್ಕೈದು ಬೆಳಕಿನ ಬಿಂದುಗಳು ಸಾಕು. ಅವುಗಳ ನಡುವೆ ಏನೂ ಕಾಣಬಾರದು. ಆಮೇಲೆ ಬಂದದ್ದು ತಂತಿಯ ಬಲ್ಬು, ಅದರ ಹಿಂದೆ ಟ್ಯೂಬ್‌ಲೈಟು. ಬೀದಿಯಲ್ಲಿ ಮೊದಲು ಹಸಿರು ಛಾಯೆಯ ಮರ್ಕ್ಯುರಿ ದೀಪ, ಅದಾದ ಮೇಲೆ ಕಿತ್ತಳೆ ಬಣ್ಣದ ಸೋಡಿಯಂ. ಸೋಡಿಯಂ ಬೆಳಕಿನಲ್ಲಿ ಕೆಂಪು ಸೀರೆಯೂ ಕಂದು, ಹಸಿರು ಬಸ್ಸೂ ಕಂದು. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರ ಮನೆಗಳಿಗೆ ಎಲ್‌ಇಡಿ ಬಲ್ಬು ಹಂಚುವ ಉಜಾಲಾ ಯೋಜನೆಯನ್ನೂ ಬೀದಿದೀಪ ಬದಲಿಸುವ ಯೋಜನೆಯನ್ನೂ ಒಟ್ಟಿಗೇ ಶುರು ಮಾಡಿತು. ಅಲ್ಲಿಂದ ನಾಲ್ಕೈದು ವರ್ಷಗಳಲ್ಲಿ ದೇಶದ ರಾತ್ರಿಯ ಬಣ್ಣವೇ ಕಿತ್ತಳೆಯಿಂದ ಬಿಳಿಗೆ ತಿರುಗಿತು. ರೈಲು ನಿಲ್ದಾಣಗಳೂ ಅದೇ ಹೊತ್ತಿಗೆ ಎಲ್‌ಇಡಿಗೆ ಹೊರಳಿದವು. ಹಾಗಾಗಿ 2010ರ ಯಾದಗಿರಿ ಬೇರೆ, 2020ರ ಯಾದಗಿರಿ ಬೇರೆ. ಡೀಸೆಲ್ ಎಂಜಿನ್ನು ಓಡಿಸುತ್ತ ಬೀದಿಗೆ ಹಾಲುಬಿಳಿ ದೀಪ ಹಾಕಿದರೆ ತಪ್ಪೇನಲ್ಲ, ಆದರೆ ನೋಡುವವನ ಕಣ್ಣಿಗೆ ಏನೋ ಸರಿ ಕೂರುವುದಿಲ್ಲ.

ದೀಪದ ಬಣ್ಣದಷ್ಟೇ ಅದರ ನಡತೆಯೂ ಮುಖ್ಯ. ಚೋಕ್ ಮತ್ತು ಸ್ಟಾರ್ಟರ್ ಇರುವ ಟ್ಯೂಬು ಎರಡು ಮೂರು ಸಲ ಮಿಟುಕಿ ಹತ್ತಿಕೊಳ್ಳುತ್ತದೆ. ಸೋಡಿಯಂ ದೀಪ ಸ್ವಿಚ್ ಒತ್ತಿದ ತಕ್ಷಣ ಬೆಳಗುವುದಿಲ್ಲ. ಮಬ್ಬಾಗಿ ಶುರುವಾಗಿ ಪೂರ್ಣ ಕಿತ್ತಳೆಗೆ ಬರಲು ಕೆಲವು ನಿಮಿಷ ಬೇಕು. ಕರೆಂಟು ಹೋಗಿ ಕೂಡಲೇ ಬಂದರೂ ಬಿಸಿಯಾದ ದೀಪ ತಣ್ಣಗಾಗುವ ತನಕ ಹತ್ತುವುದಿಲ್ಲ. ಜೆಸ್ಕಾಂ ಕರೆಂಟಿನ ಸೀಮೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರೆಲ್ಲ ಕತ್ತಲು, ಜನರೇಟರಿನ ಮೇಲೆ ನಿಲ್ದಾಣ ಮಾತ್ರ ಬೆಳಕು, ಕರೆಂಟು ಬಂದ ಮೇಲೂ ಬೀದಿ ಕೆಲ ನಿಮಿಷ ಕತ್ತಲಲ್ಲೇ ಇರುವುದು, ಇದನ್ನೆಲ್ಲ ಅರ್ಡುಯಿನೋ ಎಂಬ ಒಂದು ಚಿಕ್ಕ ಕಂಪ್ಯೂಟರ್ ಹಲಗೆಯಿಂದ ಸುಲಭವಾಗಿ ಮಾಡಿಸಬಹುದು. ಎಲ್ಲ ದೀಪಗಳನ್ನೂ ಒಂದೇ ಸ್ವಿಚ್ಚಿಗೆ ಕಟ್ಟಿ ಫಟ್ಟೆಂದು ಹತ್ತಿಸುವ ಮಾದರಿ ರೈಲಿನ ಲೇಔಟುಗಳಿಗಿಂತ ಲೋಡ್‌ಶೆಡ್ಡಿಂಗ್ ಇರುವ ಲೇಔಟು ನನಗೆ ಎಷ್ಟೋ ನಿಜವೆನಿಸುತ್ತದೆ.

ಬಣ್ಣ ಹೊಂದಿಸುವ ಸಾಮಗ್ರಿ ದುಬಾರಿಯದಲ್ಲ. ಈಚಿನ ಟ್ಯೂಬಿಗೆ 6500 ಕೆಲ್ವಿನ್ನಿನ ಬಿಳಿ ಎಲ್‌ಇಡಿ, ಹಳೆಯ ಬಲ್ಬಿಗೆ 2700ರ ಬೆಚ್ಚನೆಯ ಬಿಳಿ. ಸೋಡಿಯಂಗೆ ಅಂಗಡಿಯ ಅಂಬರ್ ಎಲ್‌ಇಡಿ ಹಾಕುವವರಿದ್ದಾರೆ. ಅದರ ಬೆಳಕಲ್ಲಿ ಉಳಿದ ಬಣ್ಣಗಳು ಸೋಡಿಯಂಗಿಂತಲೂ ಹೆಚ್ಚಾಗಿ ಸತ್ತುಹೋಗುತ್ತವೆ. ಬೆಚ್ಚನೆಯ ಬಿಳಿಯ ಮೇಲೆ ಸ್ಟೇಷನರಿ ಅಂಗಡಿಯ ಕಿತ್ತಳೆ ಗ್ಲಾಸ್‌ಪೇಂಟ್ ಒಂದು ಕೈ ಬಳಿದರೆ ಹೆಚ್ಚು ಹತ್ತಿರ ಬರುತ್ತದೆ. ಮರ್ಕ್ಯುರಿಗೆ ತಂಪು ಬಿಳಿಯ ಮೇಲೆ ತುಸು ಹಸಿರು.

ಇನ್ನು ಬೆಳಕಿನ ಪ್ರಮಾಣ. ಈ ಹವ್ಯಾಸದ ರಾತ್ರಿಗಳೆಲ್ಲ ಕೆಡುವುದು ಇಲ್ಲಿಯೇ ಎಂದು ನನ್ನ ಖಚಿತ ಅಭಿಪ್ರಾಯ. ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಅಳತೆಯಲ್ಲಿ ಎಲ್ಲವೂ 87 ಪಟ್ಟು ಚಿಕ್ಕದು. ನಮ್ಮ 1676 ಮಿಲಿಮೀಟರಿನ ಅಗಲ ಹಳಿ ಲೆಕ್ಕಕ್ಕೆ 19 ಮಿಲಿಮೀಟರಿಗಿಂತ ತುಸು ಹೆಚ್ಚಾಗಬೇಕು, ಸಿಗುವುದು 16.5ರ ಹಳಿ, ಅದಕ್ಕೆ ಎಲ್ಲರೂ ಒಗ್ಗಿಕೊಂಡಿದ್ದಾರೆ. ನಾಲ್ಕಡಿಯ ಟ್ಯೂಬು 14 ಮಿಲಿಮೀಟರು. ಉದ್ದಗಲವನ್ನು ಹೀಗೆ 87ರಿಂದ ಭಾಗಿಸುವವರು ಬೆಳಕನ್ನು ಭಾಗಿಸುವುದೇ ಇಲ್ಲ. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದರಿಂದ, ದೀಪ 87 ಪಟ್ಟು ಹತ್ತಿರ ಬಂದಾಗ ನೆಲದ ಮೇಲೆ ಅಷ್ಟೇ ಬೆಳಕು ಬೀಳಬೇಕಾದರೆ ದೀಪದ ಶಕ್ತಿ 87ರ ವರ್ಗದಷ್ಟು, ಅಂದರೆ 7569 ಪಟ್ಟು ಕಡಿಮೆಯಾಗಬೇಕು. ಸುಮಾರು 2000 ಲ್ಯೂಮೆನ್ ಕೊಡುವ 20 ವ್ಯಾಟಿನ ಎಲ್‌ಇಡಿ ಟ್ಯೂಬು ಮಾದರಿಯಲ್ಲಿ ಕಾಲು ಲ್ಯೂಮೆನ್ ಕೊಟ್ಟರೆ ಸಾಕು. ಸಾಸಿವೆಗಿಂತ ಚಿಕ್ಕದಾದ ಬಿಳಿ ಎಲ್‌ಇಡಿಯೊಂದು ತನ್ನ ಪೂರ್ಣ 20 ಮಿಲಿಆಂಪಿಯರಿನಲ್ಲಿ ಐದಾರು ಲ್ಯೂಮೆನ್ ಉಗುಳುತ್ತದೆ. ಇಪ್ಪತ್ತು ಪಟ್ಟು ಜಾಸ್ತಿ! ಪ್ಲಾಟ್‌ಫಾರ್ಮು ಆಪರೇಷನ್ ಥಿಯೇಟರಾಗದೆ ಇನ್ನೇನಾದೀತು.

ಪರಿಹಾರ ಎಂಟಾಣೆ, ಒಂದು ರೂಪಾಯಿಯ ಮಾತು. ಹನ್ನೆರಡು ವೋಲ್ಟಿಗೆ 470 ಓಮ್ ರೆಸಿಸ್ಟರ್ ಹಾಕಿ ಎಂದು ಎಲ್ಲ ಕಡೆ ಹೇಳುತ್ತಾರೆ; ಅದು ಎಲ್‌ಇಡಿ ಸುಡದಿರಲು ಮಾಡಿದ ಲೆಕ್ಕ, ದೃಶ್ಯದ ಲೆಕ್ಕವಲ್ಲ. ಅದರ ಬದಲು 10 ಕಿಲೋಓಮ್ ಹಾಕಿದರೆ ಸುಮಾರು ಒಂದು ಮಿಲಿಆಂಪಿಯರ್ ಹರಿಯುತ್ತದೆ, ಕಾಲು ಲ್ಯೂಮೆನ್ನಿನ ಆಸುಪಾಸು ಬೆಳಕು ಬರುತ್ತದೆ. ಹೈಮಾಸ್ಟ್ ದೀಪಕ್ಕೋ ಎಂಜಿನ್ನಿನ ಮುಂದೀಪಕ್ಕೋ ಎರಡು ಕಿಲೋಓಮಿನ ಸುತ್ತ ಹಾಕಬಹುದು. ಬೆಳಕು ಇಷ್ಟು ಕಡಿಮೆಯಾದರೆ ನೋಡಲು ಬಂದವರಿಗೆ ಏನು ಕಾಣುತ್ತದೆ ಎಂಬ ವಾದವೂ ಇದೆ. ಪ್ರದರ್ಶನಕ್ಕೆ ಇಡುವವರು, ಮಂದಿ ಎರಡು ನಿಮಿಷ ನಿಂತು ಮುಂದೆ ಹೋಗುವಾಗ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಪುರಸೊತ್ತಿಲ್ಲ ಎನ್ನುತ್ತಾರೆ. ಅದು ನ್ಯಾಯವೇ. ಮನೆಯ ಲೇಔಟಿಗೆ ಈ ನೆಪ ನಡೆಯದು. ಕೋಣೆಯ ದೀಪ ಆರಿಸಿ ಐದು ನಿಮಿಷ ಕೂತರೆ ಹತ್ತು ಕಿಲೋಓಮಿನ ಪ್ಲಾಟ್‌ಫಾರ್ಮಿನಲ್ಲಿ ಮಲಗಿದವರ ಕಂಬಳಿಯ ಅಂಚೂ ಕಾಣುತ್ತದೆ.

ಕತ್ತಲೆಯನ್ನು ಕೆಡಿಸುವ ಇನ್ನೊಂದು ಶತ್ರು ಸೋರುವ ಬೆಳಕು. ಪ್ಲಾಸ್ಟಿಕ್ಕಿನ ಗೋಡೆಯ ಒಳಗೆ ದೀಪವಿಟ್ಟರೆ ಗೋಡೆಯೇ ಕೆಂಡವಾಗುತ್ತದೆ. ಕಟ್ಟಡದ ಒಳಮೈಗೆ ಮೊದಲು ಕಪ್ಪು ಬಣ್ಣ, ಅದರ ಮೇಲೆ ಬಿಳಿ. ಗೋಡೆ ಮತ್ತು ಚಾವಣಿ ಕೂಡುವ ಕಡೆ ಅಲ್ಯೂಮಿನಿಯಂ ಹಾಳೆಯ ಪಟ್ಟಿ. ಒಂದು ಕಟ್ಟಡಕ್ಕೆ ಒಂದೇ ದೀಪವಿಟ್ಟು ಎಲ್ಲ ಕಿಟಕಿ ಬೆಳಗುವ ಬದಲು ಒಳಗೆ ರಟ್ಟಿನ ಅಡ್ಡಗೋಡೆಗಳನ್ನು ನಿಲ್ಲಿಸಿ ಕೋಣೆಗಳಾಗಿ ಒಡೆಯಬೇಕು. ಸ್ಟೇಷನ್ ಮಾಸ್ತರರ ಕೋಣೆ ಬೆಳಕು, ಟಿಕೆಟ್ ಕಿಟಕಿ ಬೆಳಕು, ಪಾರ್ಸೆಲ್ ಆಫೀಸು ಕತ್ತಲು. ಗೂಡ್ಸ್ ಶೆಡ್ಡಿನಲ್ಲಿ ಲಾರಿ ನಿಂತಿದ್ದರೆ ಬೆಳಕು, ಇಲ್ಲವಾದರೆ ಮೂಲೆಯಲ್ಲೊಂದು ದೀಪ. ನಿಲ್ದಾಣದ ಹೆಸರಿನ ಹಳದಿ ಬೋರ್ಡಿಗೆ ಮೇಲಿನಿಂದ ಮುಸುಕು ದೀಪವೊಂದು ಬೇಕೇ ಬೇಕು. ಇಡೀ ದೃಶ್ಯದಲ್ಲಿ ಓದಲು ಸಿಗುವ ಅಕ್ಷರ ಅದೊಂದೇ.

ರೈಲಿನೊಳಗಿನ ಬೆಳಕಿನಲ್ಲಿ ವಿದೇಶಿ ಮಾದರಿಗಳ ಅನುಕರಣೆ ಎದ್ದು ಕಾಣುತ್ತದೆ. ಮಾರುಕಟ್ಟೆಯ ಬೆಳಕಿನ ಪಟ್ಟಿ ಅಂಟಿಸಿದರೆ ಗಾಡಿ ಉದ್ದಕ್ಕೂ ಝಗಝಗ. ನಿಜವಾದ ನಮ್ಮ ಗಾಡಿ ರಾತ್ರಿ ಎರಡಕ್ಕೆ ಬಂದು ನಿಂತಾಗ ಹೇಗಿರುತ್ತದೆ? ಸ್ಲೀಪರ್ ಬೋಗಿಗಳಲ್ಲಿ ಕಿಟಕಿಯ ಪಟ್ಟಿಗಳು ಕೆಳಗೆ ಇಳಿದಿರುತ್ತವೆ, ಒಳಗೆ ನೀಲಿ ರಾತ್ರಿದೀಪ ಮಾತ್ರ. ಬಾಗಿಲ ಬಳಿ ಮತ್ತು ಶೌಚಾಲಯದ ಮಂಜುಗಾಜಿನ ಹಿಂದೆ ಬೆಳಕು. ಎಸಿ ಬೋಗಿಗಳ ಕಪ್ಪುಗಾಜಿನಲ್ಲಿ ಎಲ್ಲೋ ಒಬ್ಬರ ಓದುವ ದೀಪ. ಜನರಲ್ ಬೋಗಿ ಮಾತ್ರ ಪೂರ್ತಿ ಬೆಳಕು, ಪೂರ್ತಿ ಮಂದಿ. ಕತ್ತಲೆಯ ಗಾಡಿಯ ಎರಡು ತುದಿಗೆ ಇಂಥ ಬೆಳಗಿದ ಬೋಗಿಗಳನ್ನಿಟ್ಟರೆ ಅದು ಯಾವ ದೇಶದ ರೈಲು ಎಂದು ಯಾರೂ ಕೇಳುವುದಿಲ್ಲ. ಇಪ್ಪತ್ನಾಲ್ಕು ಬೋಗಿಯ ಗಾಡಿ ಈ ಅಳತೆಯಲ್ಲೂ ಆರೂವರೆ ಮೀಟರ್ ಆಗುವುದರಿಂದ ಯಾರ ಮನೆಯಲ್ಲೂ ಇಡೀ ಗಾಡಿ ಹಿಡಿಸದು. ಆರೇಳು ಬೋಗಿಗೆ ಇಳಿಸಿದಾಗಲೂ ಈ ಬೆಳಕು ಕತ್ತಲಿನ ಹಂಚಿಕೆ ಉಳಿಸಿಕೊಂಡರೆ ಗಾಡಿ ಉದ್ದವೆನಿಸುತ್ತದೆ.

ಓಡುವ ಬೋಗಿಯ ದೀಪ ಮಿಣುಕುವುದು ಎಲ್ಲರ ತಕರಾರು. ಹಳಿಯಿಂದ ಚಕ್ರಕ್ಕೆ, ಚಕ್ರದಿಂದ ದೀಪಕ್ಕೆ ಬರುವ ಕರೆಂಟು ದೂಳು ಸಿಕ್ಕಲ್ಲೆಲ್ಲ ತಪ್ಪುತ್ತದೆ; ನಮ್ಮ ಕಡೆಯ ಬೇಸಿಗೆಯಲ್ಲಿ ದೂಳಿಗೆ ಬರವೇ? ಒಂದು ಬ್ರಿಡ್ಜ್ ರೆಕ್ಟಿಫೈಯರ್, ಅದರ ಬೆನ್ನಿಗೆ 470ರಿಂದ 1000 ಮೈಕ್ರೋಫ್ಯಾರಡಿನ ಕೆಪಾಸಿಟರ್ ಇಟ್ಟರೆ ಸಣ್ಣ ತಪ್ಪುಗಳು ಕಾಣುವುದಿಲ್ಲ. ಒಂದು ಮಿಲಿಆಂಪಿಯರಿನ ಎಲ್‌ಇಡಿಗಳಾದರೆ ಅದೇ ಕೆಪಾಸಿಟರ್ ಇನ್ನೂ ಹೆಚ್ಚು ಹೊತ್ತು ಬಾಳುತ್ತದೆ, ಇದು ಮಂದ ಬೆಳಕಿನ ಇನ್ನೊಂದು ಲಾಭ. ಡಿಸಿಸಿ ಎಂಬ ಡಿಜಿಟಲ್ ವ್ಯವಸ್ಥೆಯಲ್ಲಿ ಹಳಿಗೆ ಸದಾ ಪೂರ್ಣ ವೋಲ್ಟೇಜ್ ಇರುವುದರಿಂದ ಗಾಡಿ ನಿಂತಾಗಲೂ ದೀಪ ಉರಿಯುತ್ತದೆ. ಹಳೆಯ ಕಂಟ್ರೋಲರಿನವರಿಗೆ ಆ ಭಾಗ್ಯವಿಲ್ಲ. ಒಂದೇ ಗಾಡಿ ಇರುವವರು ಬೋಗಿಯೊಳಗೆ ಬಟನ್ ಸೆಲ್ ಇಟ್ಟು ಸುಮ್ಮನಾಗುವುದು ಲೇಸು.

ಸಿಗ್ನಲ್ ದೀಪಗಳ ಬಗ್ಗೆ ಒಂದು ಹಳೆಯ ಸಂಗತಿ ಹೇಳದೆ ಮುಂದೆ ಹೋಗಲಾಗದು. ತೋಳು ಎತ್ತಿ ಇಳಿಸುವ ಸಿಗ್ನಲ್ ಕಂಬಗಳ ಕಾಲದಲ್ಲಿ ಸೀಮೆಎಣ್ಣೆಯ ದೀಪದ ಮುಂದೆ ಬಣ್ಣದ ಗಾಜು ಬಂದು ನಿಲ್ಲುತ್ತಿತ್ತು. ಹಸಿರು ತೋರಿಸುವ ಆ ಗಾಜು ನೋಡಲು ನೀಲಿಗೆ ಹತ್ತಿರದ್ದು. ಎಣ್ಣೆದೀಪದ ಜ್ವಾಲೆ ಹಳದಿಯಾದ್ದರಿಂದ ಎರಡೂ ಸೇರಿ ದೂರಕ್ಕೆ ಹಸಿರಾಗಿ ಕಾಣುತ್ತಿತ್ತು. ಆ ಗಾಜಿನ ಹಿಂದೆ ತಂಪು ಬಿಳಿ ಎಲ್‌ಇಡಿ ಇಟ್ಟವರಿಗೆ ನೀಲಿ ಸಿಗ್ನಲ್ ಸಿಗುತ್ತದೆ. ಬೆಚ್ಚನೆಯ ಹಳದಿ ಇಟ್ಟರೆ ಮಾತ್ರ ಹಸಿರು. ತೋಳು ಅಡ್ಡಕ್ಕೆ ನಿಂತಿರುವಾಗ ಹಿಂಬದಿಯಿಂದ ಚಿಕ್ಕದೊಂದು ಬಿಳಿ ಬೆಳಕು ಕಾಣುತ್ತಿತ್ತು, ತೋಳು ಇಳಿದಾಗ ಅದು ಮುಚ್ಚಿಹೋಗುತ್ತಿತ್ತು. ಕಂಬದ ಬೆನ್ನ ಕಡೆ ಇರುವ ಸ್ಟೇಷನ್ನಿನವರಿಗೆ ಸಿಗ್ನಲ್ ಯಾವ ಸ್ಥಿತಿಯಲ್ಲಿದೆ ಎಂದು ತಿಳಿಯಲು ಆ ಏರ್ಪಾಡು. ಮಾದರಿಯಲ್ಲಿ ಅದನ್ನು ಯಾರೂ ಮಾಡುವುದಿಲ್ಲ. ಮಾಡಿದರೆ ಬಲ್ಲವರು ಕೈ ಮುಗಿಯುತ್ತಾರೆ. ಈಗಿನ ಹಸಿರು, ಜೋಡಿ ಹಳದಿ, ಒಂಟಿ ಹಳದಿ, ಕೆಂಪಿನ ಬಣ್ಣದೀಪದ ಸಿಗ್ನಲುಗಳು ಚಾಲಕನ ಕಡೆಗೆ ಮಾತ್ರ ಪ್ರಖರ, ಪಕ್ಕದಿಂದ ನೋಡಿದರೆ ಮಂಕು. ಎಲ್‌ಇಡಿಗೆ ಕಪ್ಪು ಕಾಗದದ ಚಿಕ್ಕ ಮುಸುಕು ಹಾಕದಿದ್ದರೆ ಸಿಗ್ನಲ್ಲು ಸುತ್ತಲಿನ ಜಾಲಿಗಿಡಗಳಿಗೂ ಬಣ್ಣ ಬಳಿಯುತ್ತದೆ. ಕೊನೆಯ ಬೋಗಿಗೆ ಮಿನುಗುವ ಕೆಂಪು ದೀಪ ಸರಿ. ಎಂಜಿನ್ನಿನ ಹಳದಿ ಫ್ಲ್ಯಾಶರ್ ಮಾತ್ರ ಸುಮ್ಮಸುಮ್ಮನೆ ಮಿನುಗಿಸಬಾರದು. ಅದು ಪಕ್ಕದ ಹಳಿಯ ಗಾಡಿಗೆ ಅಪಾಯ ಸೂಚಿಸುವ ದೀಪ.

ಆಕಾಶದ ವಿಷಯದಲ್ಲಿ ಹವ್ಯಾಸಿಗಳು ಎರಡು ಪಂಗಡ. ಒಂದು ಪಂಗಡ ಮೇಲೆ ನೀಲಿ ಎಲ್‌ಇಡಿ ಪಟ್ಟಿ ಕಟ್ಟಿ ಬೆಳದಿಂಗಳು ಎನ್ನುತ್ತದೆ. ಇನ್ನೊಂದು ಅದನ್ನು ಸಿನಿಮಾದ ರಾತ್ರಿ ಎಂದು ತಳ್ಳಿಹಾಕುತ್ತದೆ. ಮಬ್ಬು ಬೆಳಕಿನಲ್ಲಿ ನಮ್ಮ ಕಣ್ಣು ಕೆಂಪನ್ನು ಬೇಗ ಕಳೆದುಕೊಂಡು ನೀಲಿ ಹಸಿರನ್ನು ಹಿಡಿದುಕೊಳ್ಳುತ್ತದೆ. ಚೆಕ್ ವಿಜ್ಞಾನಿ ಪುರ್ಕಿನ್ಯೆ ಗುರುತಿಸಿದ ಸಂಗತಿ ಇದು. ಹಾಗಾಗಿ ನೀಲಿಗೆ ಆಧಾರವಿಲ್ಲದಿಲ್ಲ. ಆದರೆ ಅದು ಇದೆಯೆಂದು ಗೊತ್ತಾಗುವಷ್ಟು ಇದ್ದರೆ ಆಗಲೇ ಹೆಚ್ಚಾಯಿತು. ಯಾದಗಿರಿಗೆ ನನ್ನ ಆಯ್ಕೆ: ಹಿನ್ನೆಲೆಯ ಪರದೆ ಪೂರ್ತಿ ಕಪ್ಪಲ್ಲದ ಕಡುಬೂದು, ಅದರ ಮೇಲೆ ಕೋಟೆಗುಡ್ಡ ಪೂರ್ತಿ ಕಪ್ಪು, ಗುಡ್ಡದ ಬುಡಕ್ಕೆ ಊರಿನ ದೀಪಗಳಿಗಾಗಿ ಸೂಜಿಯಿಂದ ಚುಚ್ಚಿದ ತೂತುಗಳು. ಹಿಂದಿನ ತೂತುಗಳು ಮುಂದಿನವಕ್ಕಿಂತ ಮಂದವೂ ಹೆಚ್ಚು ಹಳದಿಯೂ ಆಗಿರಲಿ. ಗಜವೊಂದರ ಮೇಜು ಮೈಲಿಯಷ್ಟು ಆಳ ಕಾಣುತ್ತದೆ.

ದೊಡ್ಡ ಪ್ರಮಾಣದಲ್ಲಿ ಇದನ್ನೆಲ್ಲ ಮಾಡಿದವರು ಹ್ಯಾಂಬರ್ಗ್‌ನ ಮಿನಿಯಾಟೂರ್ ವುಂಡರ್‌ಲ್ಯಾಂಡಿನವರು. 2001ರಲ್ಲಿ ಬ್ರೌನ್ ಸಹೋದರರು ತೆರೆದ ಆ ಮಾದರಿ ರೈಲುಗಳ ಪ್ರದರ್ಶನದಲ್ಲಿ ಹದಿನೈದು ನಿಮಿಷಕ್ಕೊಂದು ದಿನ ಮುಗಿದು ರಾತ್ರಿಯಾಗುತ್ತದೆ, ಲಕ್ಷಗಟ್ಟಲೆ ಎಲ್‌ಇಡಿ ಹತ್ತುತ್ತವೆ. ನಮಗೆ ಹತ್ತಿರದ್ದು ಪುಣೆಯ ಕೊತ್ರೂಡಿನಲ್ಲಿ 1998ರಿಂದ ಇರುವ ಜೋಶಿಯವರ ಮಾದರಿ ರೈಲುಗಳ ಸಂಗ್ರಹಾಲಯ. ಯಾದಗಿರಿಯಲ್ಲಿ ಗಾಡಿ ಹತ್ತಿದರೆ ಅದೇ ಮಾರ್ಗದಲ್ಲಿ ಸಿಗುವ ಊರು. ಅಲ್ಲಿನ ಪ್ರದರ್ಶನದಲ್ಲೂ ದೀಪ ಆರಿಸಿ ಊರನ್ನು ರಾತ್ರಿ ಮಾಡಿ ತೋರಿಸುತ್ತಾರೆ. 1979ರ ಮೈಸೂರಿನ ರೈಲು ಸಂಗ್ರಹಾಲಯ, 2020ರ ಹುಬ್ಬಳ್ಳಿಯದು, ಎರಡೂ ಮುಖ್ಯವಾಗಿ ನಿಜಗಾತ್ರದ ಎಂಜಿನ್ ಬೋಗಿಗಳ ಜಾಗ. ಹಳೆಯ ಬೋಗಿಗಳ ದೀಪದ ಬುರುಡೆ, ಸಿಗ್ನಲ್ಲಿನ ಗಾಜು ಹೇಗಿರುತ್ತವೆ ಎಂದು ಅಳೆದು ನೋಡಲು ಮಾತ್ರ ಇಂಥ ಕಡೆಗೇ ಹೋಗಬೇಕು.

ಸಾಮಾನಿಗಾಗಿ ಜರ್ಮನಿಗೆ ದುಡ್ಡು ಕಳಿಸಬೇಕಿಲ್ಲ. ಕಾಲುವೆ ನೀರು, ಪಂಪ್‌ಸೆಟ್ಟುಗಳ ಈ ಸೀಮೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಲ್ಲದ ಪೇಟೆಯಿಲ್ಲ. ಫ್ಯಾನಿಗೆ ಸುತ್ತುವ 36 ಗೇಜಿನ ತಾಮ್ರದ ತಂತಿ 0.19 ಮಿಲಿಮೀಟರ್ ದಪ್ಪ, ಮೇಲೆ ಎನಾಮೆಲ್ ಇರುವುದರಿಂದ ಬೇರೆ ಹೊದಿಕೆ ಬೇಡ. ತುದಿಯನ್ನು ಬ್ಲೇಡಿನಿಂದ ಕೆರೆದು ಬೆಸುಗೆ ಹಾಕಬೇಕು. ಔಷಧಿ ಅಂಗಡಿಯ 18 ಗೇಜಿನ ಹೊಸ ಇಂಜೆಕ್ಷನ್ ಸೂಜಿಯ ಹೊರವ್ಯಾಸ 1.27 ಮಿಲಿಮೀಟರ್, ಅಂದರೆ ನಿಜದ ಲೆಕ್ಕಕ್ಕೆ ಹನ್ನೊಂದು ಸೆಂಟಿಮೀಟರಿನ ಕಂಬ. ಮೊನೆ ಕತ್ತರಿಸಿ, ಒಳಗೆ ಎರಡೆಳೆ ತಂತಿ ತೂರಿಸಿ, ನೆತ್ತಿಗೆ ಎಲ್‌ಇಡಿ ಕೂರಿಸಿದರೆ ಪ್ಲಾಟ್‌ಫಾರ್ಮಿನ ದೀಪ ತಯಾರು. ಹಳೆಯ ರೂಟರಿನದೋ ಸೆಟ್‌ಟಾಪ್ ಬಾಕ್ಸಿನದೋ 12 ವೋಲ್ಟಿನ ಅಡಾಪ್ಟರ್ ನೂರಾರು ಮಂದದೀಪಗಳಿಗೆ ಸಾಕು. ಗಣಪತಿ ಮಂಟಪದ, ಮದುವೆ ಮನೆಯ ಸೀರಿಯಲ್ ಸೆಟ್ಟನ್ನು ಬಿಚ್ಚಿ ಲೇಔಟಿಗೆ ಎಳೆಯುವ ಆಸೆ ಬರುತ್ತದೆ, ಅದನ್ನು ಮಾತ್ರ ಮಾಡಕೂಡದು. ಬುರುಡೆ ಎಷ್ಟೇ ಚಿಕ್ಕದಿದ್ದರೂ ಆ ಸರದಲ್ಲಿರುವುದು 230 ವೋಲ್ಟು, ಹಳಿ ಪೂರಾ ಲೋಹ, ಕೈ ಹಾಕುವವರು ಮನೆಯ ಮಕ್ಕಳು.

ಮೊಬೈಲಿನಲ್ಲಿ ಫೋಟೊ ತೆಗೆಯುವವರಿಗೆ ಒಂದು ಮಾತು: ನೈಟ್ ಮೋಡ್ ಕತ್ತಲೆಯನ್ನೆಲ್ಲ ಅಳಿಸಿ ಹಗಲು ಮಾಡಿಡುತ್ತದೆ, ಅದನ್ನು ಬಂದ್ ಮಾಡಿ. ಬೆಳಕು ತಗ್ಗಿಸಲು ಅರ್ಡುಯಿನೋದಿಂದ ಎಲ್‌ಇಡಿಯನ್ನು ಅತಿವೇಗವಾಗಿ ಆರಿಸಿ ಹತ್ತಿಸುವ ವಿಧಾನ ಬಳಸಿದ್ದರೆ ವಿಡಿಯೊದಲ್ಲಿ ಪಟ್ಟೆಗಳು ಬರುತ್ತವೆ. ರೆಸಿಸ್ಟರಿನಿಂದ ತಗ್ಗಿಸಿದ ದೀಪಕ್ಕೆ ಈ ಕಾಟವಿಲ್ಲ.

ಶಹಾಪುರ, ಸುರಪುರದವರು ಈ ಹವ್ಯಾಸಕ್ಕೆ ಇಳಿದರೆ ಅವರೆದುರು ಬೇರೆಯದೇ ಆಯ್ಕೆಯಿದೆ. ಗದಗ–ವಾಡಿ ಹೊಸ ರೈಲುಮಾರ್ಗ ಲಿಂಗಸುಗೂರು ದಾಟಿ ಈ ಎರಡೂ ತಾಲ್ಲೂಕುಗಳ ಮೂಲಕವೇ ವಾಡಿ ಸೇರಬೇಕು. ತಳಕಲ್‌ನಿಂದ ಕುಷ್ಟಗಿಯವರೆಗಿನ ತುಂಡಿನಲ್ಲಿ 2025ರಲ್ಲಿ ಗಾಡಿ ಓಡಿತು. ಅಂದರೆ ಇನ್ನೂ ಬಾರದ ನಿಲ್ದಾಣವನ್ನು ಮೇಜಿನ ಮೇಲೆ ಮೊದಲೇ ಕಟ್ಟಬಹುದು. ಶಹಾಪುರವಾದರೆ ಹಿನ್ನೆಲೆಗೆ ಮಲಗಿದ ಬುದ್ಧನಂತೆ ಕಾಣುವ ಗುಡ್ಡಸಾಲು, ಸುರಪುರವಾದರೆ ಟೇಲರ್ ಮಂಜಿಲ್ ಎಂಬ ಹಳೆಯ ಬಂಗಲೆ ಇರುವ ಗುಡ್ಡ. ಅಲ್ಲಿ ಕಂದೀಲಿನ ಗೊಡವೆಯಿಲ್ಲ, ಸೋಡಿಯಂ ಬೇಡ, ತೋಳಿನ ಸಿಗ್ನಲ್ಲೂ ಬೇಡ. ಎಲ್ಲ 6500 ಕೆಲ್ವಿನ್ನಿನ ಬಿಳಿ, ಎಲ್ಲ 10 ಕಿಲೋಓಮ್. ಕಂಬಗಳ ತಂತಿಯನ್ನು ಬೆಸೆದುಬಿಡದೆ ಕನೆಕ್ಟರಿನಲ್ಲಿ ಸಿಕ್ಕಿಸಿಟ್ಟರೆ ಆಯಿತು, ನಾಳೆ ನಿಜವಾದ ನಿಲ್ದಾಣ ಎದ್ದು ನಿಂತಾಗ ನೋಡಿ ಬಂದು ಜಾಗ ಬದಲಿಸಬಹುದು.